ಚಲಿಸುವ ಮನೆಯ ಪೀಠೋಪಕರಣಗಳು

ನಮ್ಮ ರೈಲುಗಳ ಮೂರಂತಸ್ತಿನ ಮಲಗುವ ಬೋಗಿಯಲ್ಲಿ ಒಮ್ಮೆಯಾದರೂ ಪ್ರಯಾಣ ಮಾಡದ ವಿದ್ಯಾರ್ಥಿಗಳು ವಿರಳ. ಹಗಲಿನಲ್ಲಿ ನಮ್ಮ ಬೆನ್ನಿಗೆ ಒರಗಾಗಿದ್ದ ಹಲಗೆಯನ್ನೇ ರಾತ್ರಿ ಮೇಲಕ್ಕೆತ್ತಿ ಸರಪಳಿಗೆ ಸಿಕ್ಕಿಸಿದರೆ ಅದು ನಡುವಣ ಬರ್ತ್ ಆಗುತ್ತದೆ. ಹೆಚ್ಚಿನ ಸ್ಥಳವನ್ನು ಬೇಡದೆ ಒಂದೇ ಹಲಗೆಯು ಎರಡು ಕೆಲಸಗಳನ್ನು ನಿರ್ವಹಿಸುತ್ತದೆ. ಆದರೆ ಈ ಜಾಣ್ಮೆಗೆ ತೆರಬೇಕಾದ ಬೆಲೆಯೂ ಒಂದುಂಟು. ನಡುವಣ ಬರ್ತಿನವರು ಮಲಗಿದರೆ ಕೆಳಗಿನವರು ನೆಟ್ಟಗೆ ಕುಳಿತಿರಲಾರರು. ಕೆಳಗಿನವರು ಕುಳಿತೇ ಇದ್ದರೆ ನಡುವಣವರು ಮಲಗಲಾರರು. ಈ ವಿವಾದವನ್ನು ಬಡಗಿಯಾಗಲಿ ಕಮ್ಮಾರನಾಗಲಿ ಪರಿಹರಿಸಲಾರದೆ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಲಗುವ ಹೊತ್ತೆಂದು ರೈಲ್ವೆ ಇಲಾಖೆಯು ನಿಯಮವನ್ನೇ ಮಾಡಬೇಕಾಯಿತು. ಬಹೂಪಯೋಗಿ ಪೀಠೋಪಕರಣಗಳ ವಿಷಯದಲ್ಲಿ ನಾವು ಕಲಿಯಬೇಕಾದ ಮೊದಲನೆಯ ಪಾಠವು ಈ ಬೋಗಿಯಲ್ಲೇ ಇದೆ.

ಸರಕು ಸಾಗಿಸುವ ವ್ಯಾನಿನೊಳಗೆ ಹಾಸಿಗೆ, ಮೇಜು, ಒಲೆ, ಕಪಾಟುಗಳನ್ನು ಅಳವಡಿಸಿ ಅದನ್ನೇ ಮನೆಯಾಗಿ ಮಾಡಿಕೊಂಡು ಊರೂರು ಸುತ್ತುವ ಹವ್ಯಾಸವು ಯೂರೋಪು, ಅಮೆರಿಕಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಅಂಥ ವಾಹನಕ್ಕೆ ಕ್ಯಾಂಪರ್ ವ್ಯಾನ್ ಎಂದು ಹೆಸರು. ಅದರ ಒಳಭಾಗವನ್ನು ತಮ್ಮ ಕೈಯಿಂದಲೇ ಕಟ್ಟಿಕೊಳ್ಳುವವರ ಸಂಖ್ಯೆಯೂ ಸಣ್ಣದಲ್ಲ. ಅವರಲ್ಲಿ ಅನೇಕರಿಗೆ ಒಂದು ಭ್ರಮೆ ಅಂಟಿಕೊಂಡಿರುವಂತೆ ತೋರುತ್ತದೆ. ಒಂದು ವಸ್ತುವಿಗೆ ಉಪಯೋಗಗಳು ಹೆಚ್ಚಿದಷ್ಟೂ ಅದು ಉತ್ತಮವೆಂಬುದೇ ಆ ಭ್ರಮೆ. ಪೆಟ್ಟಿಗೆಯು ಆಸನವಾಗಬೇಕು, ಆಸನವು ಮೇಜಾಗಬೇಕು, ಮೇಜು ಹಾಸಿಗೆಯಾಗಬೇಕು! ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಉಪಯೋಗಗಳನ್ನು ಎಣಿಸುವುದಕ್ಕೆ ಮೊದಲು ಕಾಲ, ತೂಕ, ಬಲ ಎಂಬ ಮೂರು ಸಂಗತಿಗಳನ್ನು ಲೆಕ್ಕ ಹಾಕಬೇಕೆಂಬುದೇ ನನ್ನ ವಾದ.

ಕಾಲದ ಮಾತನ್ನು ಮೊದಲು ನೋಡೋಣ. ಎದುರುಬದುರಾಗಿ ಎರಡು ಬೆಂಚುಗಳು, ಅವುಗಳ ನಡುವೆ ಒಂದು ಮೇಜು. ರಾತ್ರಿ ಮೇಜಿನ ಹಲಗೆಯನ್ನು ಬೆಂಚುಗಳ ಮಟ್ಟಕ್ಕೆ ಇಳಿಸಿ, ಮೇಲೆ ಮೆತ್ತೆಗಳನ್ನು ಹರಡಿದರೆ ಇಬ್ಬರಿಗೆ ಸಾಲುವ ಹಾಸಿಗೆ. ಇದು ಬಹಳ ಪ್ರಚಾರದಲ್ಲಿರುವ ಏರ್ಪಾಡು. ಒಬ್ಬನೇ ಪ್ರವಾಸಿಗೆ ಇದರಿಂದ ತೊಂದರೆಯಿಲ್ಲ. ಇಬ್ಬರಿದ್ದು, ಅವರಲ್ಲಿ ಒಬ್ಬರು ಬೆಳಗಿನ ಜಾವದಲ್ಲಿ ಎದ್ದು ಚಹಾ ಕುಡಿಯಬೇಕೆಂದರೆ ಕುಳಿತುಕೊಳ್ಳಲು ಬೆಂಚೂ ಇಲ್ಲ, ಬಟ್ಟಲಿಡಲು ಮೇಜೂ ಇಲ್ಲ. ದಾರಿಯಲ್ಲಿ ಒಬ್ಬರಿಗೆ ಜ್ವರ ಬಂದು, ಹೊರಗೆ ದಿನವಿಡೀ ಮಳೆ ಸುರಿದರೆ ಇನ್ನೊಬ್ಬರ ಪಾಡೇನು? ಯಾವ ಎರಡು ಕೆಲಸಗಳು ಒಂದೇ ಹೊತ್ತಿನಲ್ಲಿ ಬೇಕಾಗುವ ಸಂಭವವುಂಟೋ ಅವನ್ನು ಒಂದೇ ವಸ್ತುವಿಗೆ ಹೊರಿಸಬಾರದು. ಹಾಸಿಗೆಯ ಕೆಳಗಿನ ಸ್ಥಳದಲ್ಲಿ ಹೊದಿಕೆಗಳನ್ನಿಡುವುದು ಸರಿ. ನಡುರಾತ್ರಿ ಬೇಕಾಗಬಹುದಾದ ಔಷಧದ ಪೆಟ್ಟಿಗೆಯನ್ನಿಡುವುದು ತಪ್ಪು.

ಇದರೊಡನೆ ಶ್ರಮದ ಗಣಿತವೂ ಇದೆ. ಹಾಸಿಗೆಯನ್ನು ಬೆಂಚಾಗಿ, ಬೆಂಚನ್ನು ಹಾಸಿಗೆಯಾಗಿ ಮಾರ್ಪಡಿಸಲು ಒಂದೊಂದು ಸಲಕ್ಕೆ 5 ನಿಮಿಷ ಹಿಡಿಯುತ್ತದೆನ್ನೋಣ. ದಿನಕ್ಕೆ ಎರಡು ಸಲದಂತೆ 30 ದಿನಗಳ ಪ್ರವಾಸದಲ್ಲಿ 5 ಗಂಟೆಗಳು ಇದಕ್ಕೇ ವ್ಯಯವಾಗುತ್ತವೆ. ದಣಿದು ಬಂದ ಮನುಷ್ಯನು ಹತ್ತು ದಿನ ಉತ್ಸಾಹದಿಂದ ಮಡಿಚಿ, ಹನ್ನೊಂದನೆಯ ದಿನ ಹಾಸಿಗೆಯನ್ನು ಹಾಗೆಯೇ ಬಿಡುತ್ತಾನೆ. ಅಂದಿನಿಂದ ಆ ಜಾಣ ಉಪಕರಣವು ಕೀಲುಗಳ ಭಾರವನ್ನು ಹೊತ್ತ ಸಾಧಾರಣ ಮಂಚವಷ್ಟೆ.

ಇತಿಹಾಸದಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಪೆಟ್ಟಿಗೆಯಾಕಾರದ ವ್ಯಾನು 1950ರಲ್ಲಿ ಹೊರಬಂದಿತು. ಅದರ ಉದ್ದ ಸುಮಾರು 4 ಮೀಟರು. ಹೊರಬಲ್ಲ ಭಾರ ಸುಮಾರು 750 ಕಿಲೋಗ್ರಾಂ. ಮರುವರ್ಷ, ಎಂದರೆ 1951ರಲ್ಲಿ, ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯವರು ಈ ವ್ಯಾನಿಗಾಗಿ ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಪೀಠೋಪಕರಣವನ್ನು ಸಿದ್ಧಪಡಿಸಿದರು. ಹಗಲು ಆಸನವಾಗಿ, ರಾತ್ರಿ ಹಾಸಿಗೆಯಾಗಿ ಅದು ಒದಗುತ್ತಿತ್ತು. ಅದರ ಹೆಚ್ಚಿನ ಗುಣವೆಂದರೆ, ಬೇಡವಾದಾಗ ಅದನ್ನು ವಾಹನದಿಂದ ಹೊರತೆಗೆಯಬಹುದಾಗಿತ್ತು. ವಾರದ ದಿನಗಳಲ್ಲಿ ವ್ಯಾನು ಸರಕು ಹೊತ್ತು ದುಡಿಯಬಹುದು. ರಜೆ ಬಂದಾಗ ಮನೆಯಾಗಬಹುದು. ದುಡಿಮೆಯ ದಿನವೂ ವಿಹಾರದ ದಿನವೂ ಒಂದರ ಮೇಲೊಂದು ಬೀಳುವುದಿಲ್ಲವಾದುದರಿಂದ ಇಲ್ಲಿ ಎರಡು ಕೆಲಸಗಳನ್ನು ಕೂಡಿಸಿದ್ದು ಉಚಿತವಾಯಿತು.

ಇನ್ನು ತೂಕದ ಮಾತು. ಪ್ರತಿಯೊಂದು ವಾಹನವೂ ಇಷ್ಟೇ ಭಾರವನ್ನು ಹೊರಬಹುದೆಂಬ ಮಿತಿಯಿದೆ. ಜನ, ನೀರು, ಆಹಾರ, ಬಟ್ಟೆಬರೆಗಳೆಲ್ಲವೂ ಆ ಮಿತಿಯೊಳಗೇ ಅಡಗಬೇಕು. 2.44 ಮೀಟರು ಉದ್ದ, 1.22 ಮೀಟರು ಅಗಲ, 12 ಮಿಲಿಮೀಟರು ದಪ್ಪವುಳ್ಳ ಬರ್ಚ್ ಮರದ ಪ್ಲೈವುಡ್ ಹಾಳೆಯೊಂದು ಸುಮಾರು 24 ಕಿಲೋಗ್ರಾಂ ತೂಗುತ್ತದೆ. ಅದೇ ಅಳತೆಯ ಪಾಪ್ಲರ್ ಮರದ ಹಾಳೆಯ ತೂಕ ಸುಮಾರು 16 ಕಿಲೋಗ್ರಾಂ. ಐದು ಹಾಳೆ ಬಳಸಿದರೆ 40 ಕಿಲೋಗ್ರಾಂ ವ್ಯತ್ಯಾಸವಾಯಿತು. ಇದು ಪ್ರವಾಸಿಯು ಕೊಂಡೊಯ್ಯಬಹುದಾದ 40 ಲೀಟರು ನೀರಿಗೆ ಸಮ. ಹಗುರವಾದ ಹಲಗೆ ಬಾಗುವುದಿಲ್ಲವೆ ಎಂದು ವಾಚಕರು ಕೇಳಬಹುದು. ಹಲಗೆಯ ಬಿಗುಪು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪವನ್ನು ಅರ್ಧಕ್ಕಿಳಿಸಿದರೆ ಬಿಗುಪು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ತೆಳುಹಲಗೆಯ ಅಡಿಯಲ್ಲಿ ಕಿರಿದಾದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿದರೆ, ಅಲ್ಪ ತೂಕದಲ್ಲಿಯೇ ಬಿಗುಪು ಮರಳಿ ದೊರೆಯುತ್ತದೆ. ಭಾರವಾದ ಸಾಮಾನುಗಳನ್ನು ತಲೆಯ ಮೇಲಿನ ಕಪಾಟುಗಳಿಗೆ ಏರಿಸಬಾರದೆಂಬುದನ್ನೂ ಮರೆಯಬಾರದು. ಗುರುತ್ವಕೇಂದ್ರವು ಮೇಲಕ್ಕೇರಿದಷ್ಟೂ ತಿರುವುಗಳಲ್ಲಿ ವಾಹನವು ಮಗುಚುವ ಭಯ ಹೆಚ್ಚು.

ಮೂರನೆಯದಾದ ಬಲದ ವಿಚಾರವು ಪ್ರಾಣಕ್ಕೆ ಸಂಬಂಧಿಸಿದುದು. ಗಂಟೆಗೆ 50 ಕಿಲೋಮೀಟರು ವೇಗದ ವಾಹನವು ಯಾವುದಕ್ಕೋ ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಆ ವೇಗವು ಸೆಕೆಂಡಿಗೆ 13.9 ಮೀಟರು. ಅದರ ವರ್ಗವನ್ನು ನಿಲ್ಲುವ ದೂರದ ಎರಡರಷ್ಟರಿಂದ ಭಾಗಿಸಿದರೆ, ವೇಗ ಕುಗ್ಗುವ ದರವು ಸುಮಾರು 193 ಎಂದು ಸಿಗುತ್ತದೆ; ಇದು ಗುರುತ್ವ ವೇಗೋತ್ಕರ್ಷದ ಸುಮಾರು 20 ಪಟ್ಟು. ಎಂದರೆ 10 ಕಿಲೋಗ್ರಾಮಿನ ಪೆಟ್ಟಿಗೆಯನ್ನು ಹಿಡಿದಿರುವ ಬೋಲ್ಟುಗಳು ಆ ಕ್ಷಣದಲ್ಲಿ 200 ಕಿಲೋಗ್ರಾಂ ಭಾರಕ್ಕೆ ಸಮನಾದ ಸೆಳೆತವನ್ನು ತಾಳಬೇಕು. 60 ಕಿಲೋಗ್ರಾಂ ತೂಕದ ಮನುಷ್ಯನು ಕುಳಿತ ಆಸನ ಮತ್ತು ಸುರಕ್ಷತಾ ಪಟ್ಟಿಗಳು ತಾಳಬೇಕಾದುದು ಸುಮಾರು 1,200 ಕಿಲೋಗ್ರಾಂ! ಪ್ಲೈವುಡ್ಡಿಗೆ ಹೊಡೆದ ನಾಲ್ಕು ತಿರುಪುಮೊಳೆಗಳನ್ನು ಇದಕ್ಕೆ ನಂಬುವುದು ಹುಚ್ಚುಸಾಹಸ. ನಿಂತಾಗ ಒಳ್ಳೆಯ ಸೋಫಾ ಆಗಿರುವ ಪೆಟ್ಟಿಗೆಯು, ಓಡುವಾಗ ವಾಹನದ ಆಸನವಾಗಲಾರದು. ವಾಹನದ ಉಕ್ಕಿನ ಚೌಕಟ್ಟಿಗೇ ಬಿಗಿದ, ಪರೀಕ್ಷೆಗೊಳಪಟ್ಟ ಆಸನದಲ್ಲಿ ಮಾತ್ರ ಪ್ರಯಾಣಿಕರು ಕುಳಿತಿರತಕ್ಕದ್ದು. ಮಡಿಚುವ ಕೀಲುಗಳಿಗೂ ಡ್ರಾಯರುಗಳಿಗೂ ತಾವಾಗಿ ಬಿಚ್ಚಿಕೊಳ್ಳದ ಚಿಲಕಗಳಿರಬೇಕು.

ಸ್ಥಳವೇ ಇಲ್ಲದಿರುವಾಗ ಒಂದರಿಂದ ಹಲವು ಕೆಲಸಗಳನ್ನು ಪಡೆಯದೆ ಗತಿಯೇನೆಂಬ ಆಕ್ಷೇಪಣೆಯು ಏಳಬಹುದು. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಸ್ಥಳದ ಅಭಾವಕ್ಕೆ ಮೊದಲ ಔಷಧವೆಂದರೆ ಸಾಮಾನನ್ನು ಕಡಮೆ ಮಾಡುವುದು. ಕೀಲು, ಜಾರುಪಟ್ಟಿಗಳು ಎರಡನೆಯ ಔಷಧ. ಒಂದು ವಸ್ತುವಿಗೆ ಎರಡು ಕೆಲಸಗಳು ಸಾಕು. ಮೂರನೆಯದನ್ನು ಸೇರಿಸುವವನು, ಮೊದಲ ಎರಡೂ ಕೆಡಲಿಲ್ಲವೆಂದು ತೋರಿಸಿಕೊಡಬೇಕು.

ಇದನ್ನು ಪರೀಕ್ಷಿಸಲು ವ್ಯಾನನ್ನು ಕೊಳ್ಳಬೇಕಾಗಿಲ್ಲ. ಶಾಲೆಯ ಅಂಗಳದಲ್ಲಿ 3 ಮೀಟರು ಉದ್ದ, 1.7 ಮೀಟರು ಅಗಲದ ಆಯತವನ್ನು ಸೀಮೆಸುಣ್ಣದಿಂದ ಬರೆಯಿರಿ. ರಟ್ಟಿನ ಪೆಟ್ಟಿಗೆಗಳನ್ನೇ ಬೆಂಚು, ಮೇಜು, ಒಲೆಗಳೆಂದು ಭಾವಿಸಿ ಜೋಡಿಸಿರಿ. ಇಬ್ಬರು ಗೆಳೆಯರು ಗೆರೆಯನ್ನು ದಾಟದೆ, ಒಂದು ದಿನದಲ್ಲಿ ಮಾಡುವ ಕೆಲಸಗಳನ್ನೆಲ್ಲ ಅದರೊಳಗೆ ಅಭಿನಯಿಸಲಿ. ಮೂರನೆಯವನು ಎಷ್ಟು ಸಲ ವಸ್ತುಗಳನ್ನು ಸರಿಸಬೇಕಾಯಿತೆಂದು ಬರೆದುಕೊಳ್ಳಲಿ. ಮರುದಿನ ಜೋಡಣೆಯನ್ನು ಬದಲಿಸಿ ಆ ಸಂಖ್ಯೆಯನ್ನು ಇಳಿಸಲು ಯತ್ನಿಸಿರಿ. ಒಂದು ಹಲಗೆಯನ್ನೂ ಕೊಯ್ಯುವ ಮೊದಲೇ ಅರ್ಧ ತಪ್ಪುಗಳು ಅಲ್ಲಿ ಬಯಲಾಗುವುವು. ಬೋಲ್ಟುಗಳ ಲೆಕ್ಕವನ್ನು ಮಾತ್ರ ಕಾಗದದ ಮೇಲೆ, ಮೇಲೆ ಹೇಳಿದ ಗಣಿತದಿಂದಲೇ ಮಾಡಿ, ಬಲ್ಲವರಿಗೆ ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು.