ಅವಶೇಷಗಳ ನೆರೆಯಲ್ಲಿ ವಿರಾಮ

ಪ್ರಾಚೀನ ನಗರದ ಅವಶೇಷಗಳನ್ನು ಕಾಣಹೋದವನು ಅಲ್ಲಿ ಉದ್ಯೋಗವಿಲ್ಲದೆ ನಾಲ್ಕು ದಿನ ತಂಗಿದರೆ ಅದನ್ನು ಕಾಲಹರಣವೆನ್ನುವವರೇ ಹೆಚ್ಚು. ಆದರೆ ಗತಕಾಲದ ಜ್ಞಾನಕ್ಕೆ ವಿರಾಮವು ವಿಘ್ನವಲ್ಲ, ಸಾಧನವೇ ಎಂದು ನಾನು ನಂಬಿದ್ದೇನೆ. ಪೆರು ದೇಶದಲ್ಲಿ, ಆಂಡೀಸ್ ಪರ್ವತಗಳ ನಡುವೆ ಉರುಬಾಂಬಾ ನದಿ ಹರಿಯುವ ಕಣಿವೆಗಿಂತ ಇದಕ್ಕೆ ಉತ್ತಮವಾದ ನಿದರ್ಶನವನ್ನು ನಾನರಿಯೆ.

ಅಲ್ಲಿಗೆ ಬರುವವರಲ್ಲಿ ಬಹುಮಂದಿಯ ದೃಷ್ಟಿ, 1911ರಲ್ಲಿ ಅಮೆರಿಕದ ಅನ್ವೇಷಕ ಹೈರಮ್ ಬಿಂಗ್‌ಹ್ಯಾಮ್ ಹೊರಜಗತ್ತಿಗೆ ಪರಿಚಯಿಸಿದ, ಸ್ಪೇನಿನವರ ಆಕ್ರಮಣಕ್ಕೆ ಮುನ್ನ ಆ ನಾಡನ್ನಾಳಿದ ಇಂಕಾಗಳ ನಗರವಾದ ಮಾಚು ಪಿಚುವಿನಲ್ಲಿ ನೆಟ್ಟಿರುತ್ತದೆ. ಓಯಾಂತಾಯ್ತಾಂಬೊ ಎಂಬ ಊರು ಅವರಿಗೆ ರೈಲು ಹತ್ತುವ ನಿಲ್ದಾಣ ಮಾತ್ರ. ಆ ಊರಿನ ದಿಣ್ಣೆಯ ಮೇಲೆ, ಆರು ಮಹಾಶಿಲೆಗಳನ್ನು ಸಾಲಾಗಿ ನಿಲ್ಲಿಸಿದ ಇಂಕಾ ಗೋಡೆಯೊಂದು ಅಪೂರ್ಣವಾಗಿ ಉಳಿದಿದೆ. ಕ್ಷಣಕಾಲ ನೋಡಿ ಹೊರಟವನು ಅದರ ಗಾತ್ರಕ್ಕೆ ಬೆರಗಾಗುವನು, ಅಷ್ಟೆ. ಅಲ್ಲಿಯೇ ತಂಗಿದವನಾದರೋ, ಒಂದು ಮುಂಜಾನೆ ನದಿಯಾಚೆಯ ಬೆಟ್ಟದ ಕಡೆ ಸಾವಕಾಶವಾಗಿ ನಡೆದು, ಕಾಚಿಕಾತಾದ ಕಲ್ಲುಗಣಿಯಿಂದ ಹೊರಟು ಗುರಿ ಮುಟ್ಟದೆ ದಾರಿಯಲ್ಲಿಯೇ ನಿಂತುಹೋದ, ಸ್ಥಳೀಯರು 'ದಣಿದ ಕಲ್ಲು'ಗಳೆಂದು ಕರೆಯುವ ಬಂಡೆಗಳನ್ನು ಕಂಡಾಗ, ಬಂಡಿಯನ್ನೂ ಕಬ್ಬಿಣವನ್ನೂ ಅರಿಯದ ಜನರು ಅಂಥವನ್ನು ಇಳಿಜಾರಿನಲ್ಲಿ ಎಳೆತಂದು, ಹೊಳೆಯನ್ನು ದಾಟಿಸಿ, ಮತ್ತೆ ದಿಣ್ಣೆಗೆ ಏರಿಸಿದ ಪರಿಶ್ರಮವೆಷ್ಟೆಂಬುದು ಅವನ ಕಾಲುಗಳಿಗೇ ತಿಳಿಯುವುದು.

ಇದಕ್ಕಿಂತ ಗಹನವಾದ ಲಾಭವೊಂದುಂಟು. ಆ ಊರಿನ ಇಂಕಾ ಕಾಲದ ಕಾಲುವೆಗಳಲ್ಲಿ ಇಂದಿಗೂ ಬೀದಿಬೀದಿಗೆ ನೀರು ಹರಿಯುತ್ತಿದೆ. ಅಂದಿನ ತಳಪಾಯದ ಮೇಲೆಯೇ ನಿಂತ ಮನೆಗಳಲ್ಲಿ ಇಂಕಾಗಳ ಭಾಷೆಯಾದ ಕೆಚುವಾವನ್ನು ನುಡಿಯುವ ಸಂಸಾರಗಳು ಬಾಳುತ್ತಿವೆ. ಹೊಲಗಳಲ್ಲಿ ದಪ್ಪ ಕಾಳಿನ ಬಿಳಿಯ ಮುಸುಕಿನ ಜೋಳ ಬೆಳೆಯುತ್ತಿದೆ. ಇಷ್ಟನ್ನೂ ದಿನದಿನವೂ ಕಂಡವನಿಗೆ, ಅಲ್ಲಿ ಅಳಿದದ್ದು ಒಂದು ಪ್ರಭುತ್ವವೇ ಹೊರತು ಜನಾಂಗವಲ್ಲವೆಂಬ ಅರಿವು ತಾನಾಗಿ ಮೂಡುವುದು.

ಸೋತವರ ನೆಲದಲ್ಲಿ ಸುಖವಾಗಿ ವಿಶ್ರಮಿಸುವುದು ನಿರ್ದಯತೆಯಲ್ಲವೆ ಎಂದು ಕೇಳಬಹುದು. ಪ್ರಶ್ನೆ ಗೌರವಾರ್ಹವಾದುದು. 1537ರಲ್ಲಿ ಇಂಕಾಗಳ ದೊರೆ ಮಾಂಕೊ ಇಂಕಾ ಸ್ಪೇನಿನ ಪಡೆಯನ್ನು ಇಲ್ಲಿಯೇ ಹಿಮ್ಮೆಟ್ಟಿಸಿಯೂ, ಕಡೆಗೆ ವಿಲ್ಕಬಾಂಬಾದ ದುರ್ಗಮ ಕಾಡುಗಳಿಗೆ ಸರಿಯಬೇಕಾಯಿತು. ಆ ಸಂಕಟವನ್ನು ಮರೆಸುವ ವಿರಾಮವನ್ನು ನಾನು ಸಮರ್ಥಿಸೆನು. ಆದರೆ ಅದನ್ನು ಮರೆಯಿಸುವುದು ಬಹುಮಟ್ಟಿಗೆ ಅವಸರವೇ. ಕಲ್ಲನ್ನಷ್ಟೇ ನೋಡಿ ಓಡುವವನಿಗೆ ಆ ಕಲ್ಲಿನ ವಾರಸುದಾರರು ಕಣ್ಣಿಗೇ ಬೀಳರು. ದೀರ್ಘ ವಿರಾಮವು ಎಲ್ಲರಿಗೂ ಸಾಧ್ಯವಿಲ್ಲವೆಂಬುದೂ ನಿಜ. ಆದರೂ ಎರಡೇ ದಿನದ ಅವಕಾಶವುಳ್ಳವನು, ಆಸುಪಾಸಿನ ಇತರ ತಾಣಗಳಾದ ಪಿಸಾಕ್, ಮೊರಾಯ್, ಮರಾಸ್ ಎಂದು ಪಟ್ಟಿ ಹಿಡಿದು ಅಲೆಯುವುದಕ್ಕಿಂತ, ಆ ಎರಡು ದಿನಗಳನ್ನೂ ಈ ಒಂದೇ ಊರಿಗೆ ಕೊಡುವುದು ಮೇಲು.