ಕೊನೆಯ ಪಂಕ್ತಿಯಲ್ಲಿ ಕೂತ ಸೈನಿಕ

2003ರ ಆಗಸ್ಟ್. ಇರಾಕಿನ ಕಿರ್ಕುಕ್ ಸುತ್ತಮುತ್ತ ಅಮೆರಿಕದ 173ನೇ ಏರ್‌ಬೋರ್ನ್ ಬ್ರಿಗೇಡ್ ಬೀಡುಬಿಟ್ಟಿತ್ತು. ಟಪಾಲು ಬಂದ ದಿನ ಕೆಲವರ ಹೆಸರು ಮತ್ತೆ ಮತ್ತೆ ಕೇಳಿಬರುವುದು, ಇನ್ನು ಕೆಲವರು ಬರಿಗೈಲಿ ಮರಳುವುದು ಯಾವ ಸೇನೆಗೂ ಹೊಸದಲ್ಲ. ಮೇರಿಲ್ಯಾಂಡಿನಿಂದ ಬಂದಿದ್ದ ಒಬ್ಬ ಸಾರ್ಜೆಂಟ್ ಮಾತ್ರ ಅದನ್ನು ನೋಡಿ ಸುಮ್ಮನಿರಲಿಲ್ಲ. ತನ್ನ ವಿಳಾಸದ ಜೊತೆಗೆ ‘ಯಾರಾದರೂ ಒಬ್ಬ ಸೈನಿಕನಿಗೆ’ ಎಂದು ಬರೆದು ಬರುವ ಪೆಟ್ಟಿಗೆಗಳನ್ನು ಟಪಾಲೇ ಬಾರದವರಿಗೆ ಹಂಚಲು ಒಪ್ಪಿಕೊಂಡ. ಊರಿನಲ್ಲಿ ಅಪ್ಪ–ಅಮ್ಮ ಸುದ್ದಿ ಹಬ್ಬಿಸಿದರು. ಒಂದು ತುಕಡಿಗೆಂದು ಮನೆಯವರೇ ಶುರುಮಾಡಿದ ಈ ಕೆಲಸ 2004ರ ಜನವರಿ 1ರಿಂದ ‘ಎನಿ ಸೋಲ್ಜರ್’ ಹೆಸರಿನಲ್ಲಿ ಅಮೆರಿಕದ ಎಲ್ಲ ಸೇನಾ ವಿಭಾಗಗಳಿಗೂ ತೆರೆದುಕೊಂಡಿತು.

ಅಂಥ ಪೆಟ್ಟಿಗೆಯಲ್ಲಿ ಇರುವುದು ದೊಡ್ಡ ವಸ್ತುಗಳೇನಲ್ಲ. ಕಾಲುಚೀಲ, ಕಾಫಿಪುಡಿ, ಬಿಸ್ಕತ್ತು, ತುಟಿಗೆ ಹಚ್ಚುವ ಮುಲಾಮು, ಒಂದು ಕಟ್ಟು ಇಸ್ಪೀಟು, ಯಾವುದೋ ಶಾಲೆಯ ಮಗು ಬಿಡಿಸಿದ ಚಿತ್ರ. ಅಷ್ಟಕ್ಕೇ ಮನೆ ನೆನಪಾಗುತ್ತದೆ. ಅಷ್ಟೂ ಬಾರದವನಿಗೆ ತನಗೆ ಮನೆಯೇ ಇಲ್ಲವೇನೋ ಅನ್ನಿಸುತ್ತದೆ.

‘ಬಡಿಸುವವನು ನಮ್ಮವನಾದರೆ ಕೊನೆ ಪಂಕ್ತಿಯಲ್ಲಿ ಕೂತರೇನು’ ಎಂಬ ಗಾದೆ ಕನ್ನಡಿಗರಿಗೆಲ್ಲ ಗೊತ್ತು. ಅದೇ ಮಾತನ್ನು ತಿರುಗಿಸಿ ನೋಡಿದರೆ, ಬಡಿಸುವವರಲ್ಲಿ ತನ್ನವರು ಯಾರೂ ಇಲ್ಲದವನ ಪಾಡೇನು ಎಂಬ ಪ್ರಶ್ನೆ ಏಳುತ್ತದೆ. ಸೈನಿಕರಲ್ಲೂ ಹೆತ್ತವರನ್ನು ಕಳೆದುಕೊಂಡವರಿದ್ದಾರೆ, ಸಂಸಾರ ಮುರಿದವರಿದ್ದಾರೆ, ಅಂಚೆ ವೆಚ್ಚಕ್ಕೂ ಕೈ ಬಿಗಿ ಹಿಡಿಯಬೇಕಾದ ಮನೆಯಿಂದ ಬಂದವರಿದ್ದಾರೆ. ಸಾರ್ವಜನಿಕರು ಕೂಡಿಸಿದ ಕೊಡುಗೆಯೂ ಹೆಸರು ಹಿಡಿದೇ ಹೋದರೆ, ತುಂಬಿದ ಎಲೆಗೇ ಮತ್ತೆ ಬಡಿಸಿದಂತೆ. ಆದ್ದರಿಂದ ಪತ್ರಕ್ಕೆ ಹೆಸರಿರಲಿ, ಸಾಮಾನಿಗೆ ಬೇಡ. ಸಾಮಾನು ಹಂಚುವ ಕೈ ಯಾರದ್ದು ಎಂಬುದು ಮಾತ್ರ ಗೊತ್ತಿರಬೇಕು.

ಈ ಪೆಟ್ಟಿಗೆಗಳಿಗೆ ಅಮೆರಿಕದಲ್ಲಿರುವ ‘ಕೇರ್ ಪ್ಯಾಕೇಜ್’ ಎಂಬ ಹೆಸರಿನ ಹಿಂದೆಯೂ ಇದೇ ಪಾಠವಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1945ರ ನವೆಂಬರ್‌ನಲ್ಲಿ ‘ಕೇರ್’ ಸಂಸ್ಥೆ ಹುಟ್ಟಿತು. ಸೇನೆಯಲ್ಲಿ ಉಳಿದುಹೋಗಿದ್ದ ‘ಟೆನ್ ಇನ್ ಒನ್’ ಪಡಿತರವನ್ನು, ಅಂದರೆ ಹತ್ತು ಸೈನಿಕರ ಒಂದು ದಿನದ ಊಟದ ಪೆಟ್ಟಿಗೆಗಳನ್ನು, ಅದು ಹಸಿದ ಯುರೋಪಿಗೆ ಕಳಿಸಿತು. 1946ರ ಮೇ 11ರಂದು ಮೊದಲ ಪೆಟ್ಟಿಗೆಗಳು ಫ್ರಾನ್ಸಿನ ಲ ಹಾವ್ರ್ ಬಂದರು ತಲುಪಿದವು. ಪಡೆಯುವವರ ಹೆಸರನ್ನು ಕಳಿಸುವವರೇ ಕೊಡಬೇಕು ಎಂಬುದು ಮೊದಲಿನ ನಿಯಮ. ಹಾಗಾದಾಗ ಅಮೆರಿಕದಲ್ಲಿ ನೆಂಟರಿದ್ದವರ ಮನೆಗೆ ಊಟ ಬಂತು, ಇಲ್ಲದವರು ಕಾದರು. ಯಾರಾದರೂ ಒಬ್ಬ ಶಾಲಾ ಮೇಷ್ಟರಿಗೆ ಕೊಡಿ, ಹಸಿದ ಯಾವ ಮನೆಗಾದರೂ ಕೊಡಿ ಎಂದು ದಾನಿಗಳೇ ಕೇಳತೊಡಗಿದ ಮೇಲೆ ಸಂಸ್ಥೆ ತನ್ನ ರೀತಿ ಬದಲಿಸಿತು. ಇದೇ ಕೇರ್ ಮುಂದೆ ಭಾರತಕ್ಕೂ ಬಂತು. ಆ ಕಾಲದಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದ ಅನೇಕ ಕನ್ನಡಿಗರಿಗೆ ಅದರ ಉಪ್ಪಿಟ್ಟು, ಹಾಲಿನ ಪುಡಿ ಇಂದಿಗೂ ನೆನಪಿದೆ. ಆ ಉಪ್ಪಿಟ್ಟಿನ ಮೇಲೆ ಯಾವ ಮಗುವಿನ ಹೆಸರೂ ಇರಲಿಲ್ಲ. ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಎಲ್ಲರಿಗೂ ಅದು ಸಿಕ್ಕಿತು.

ಹೆಸರಿಲ್ಲದೆ ಕೊಟ್ಟ ಮಾತ್ರಕ್ಕೆ ನ್ಯಾಯ ಸಿಕ್ಕಿತು ಎನ್ನುವಂತಿಲ್ಲ. ಅದಕ್ಕೆ 1914ರ ಒಂದು ಪುಟ್ಟ ಹಿತ್ತಾಳೆ ಡಬ್ಬಿ ಸಾಕ್ಷಿ.

ಐದು ಇಂಚು ಉದ್ದ, ಮೂರೂಕಾಲು ಇಂಚು ಅಗಲ, ಒಂದೂಕಾಲು ಇಂಚು ಎತ್ತರ. ಮುಚ್ಚಳದ ನಡುವೆ ಬ್ರಿಟನ್ ರಾಜಕುಮಾರಿ ಮೇರಿಯ ಮುಖ, ಸುತ್ತ ಎಲೆಗಳ ಹಾರ, ಅಂಚಿನಲ್ಲಿ ಮಿತ್ರರಾಷ್ಟ್ರಗಳ ಹೆಸರು, ಕೆಳಗೆ ‘ಕ್ರಿಸ್‌ಮಸ್ 1914’. ಮೊದಲ ಮಹಾಯುದ್ಧ ಶುರುವಾದ ವರ್ಷ ಹದಿನೇಳರ ಈ ರಾಜಕುಮಾರಿಯ ಹೆಸರಿನಲ್ಲಿ ನಿಧಿ ಕೂಡಿಸಿ, ರಣರಂಗದಲ್ಲಿದ್ದವರಿಗೆ ಕ್ರಿಸ್‌ಮಸ್ ಉಡುಗೊರೆ ಕಳಿಸುವ ಯೋಜನೆ ಹಾಕಿದರು. ಹೊಗೆಸೊಪ್ಪು ಸೇದುವವರಿಗೆ ಪೈಪು, ತಂಬಾಕು, ಇಪ್ಪತ್ತು ಸಿಗರೇಟು. ಸೇದದವರಿಗೆ ಹುಳಿಮಿಠಾಯಿ, ಪೆನ್ಸಿಲು, ಕಾಗದ, ಲಕೋಟೆ. ದಾದಿಯರಿಗೆ ಚಾಕೊಲೆಟ್.

ಆ ಹೊತ್ತಿಗೆ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳ ಭಾರತೀಯ ಸೈನಿಕರೂ ಫ್ರಾನ್ಸಿನ ಕೆಸರು ಕಂದಕಗಳಲ್ಲಿದ್ದರು. ಅವರನ್ನು ನಿಧಿಯ ಸಮಿತಿ ಮರೆಯಲಿಲ್ಲ. ತಂಬಾಕು ಮುಟ್ಟದ ಸಿಖ್ಖರಿಗೆ ಕಲ್ಲುಸಕ್ಕರೆ ತುಂಬಿದ ಡಬ್ಬಿ, ಜೊತೆಗೆ ಮಸಾಲೆ ಪದಾರ್ಥಗಳ ಇನ್ನೊಂದು ತಗಡಿನ ಡಬ್ಬಿ. ಗೂರ್ಖಾಗಳಿಗೆ ಬ್ರಿಟಿಷರಿಗೆ ಕೊಟ್ಟದ್ದೇ. ಉಳಿದ ಭಾರತೀಯರಿಗೆ ಸಿಗರೇಟು, ಕಲ್ಲುಸಕ್ಕರೆ, ಮಸಾಲೆ. ಎಲ್ಲರಿಗೂ ಒಂದೇ ಅಳತೆ ಎನ್ನದೆ, ಯಾರಿಗೆ ಏನು ಸಲ್ಲುತ್ತದೆ ಎಂದು ನೂರು ವರ್ಷಗಳ ಹಿಂದೆಯೇ ಇಷ್ಟು ಯೋಚಿಸಿದ್ದರು. ಅದನ್ನು ಮೆಚ್ಚಲೇಬೇಕು.

ಪಂಕ್ತಿಭೇದ ನಡೆದದ್ದು ಅದರಾಚೆ. ನೀರು ಹೊರುವವರು ಮೊದಲಾದ ಸಹಾಯಕರನ್ನೆಲ್ಲ ‘ಭಿಸ್ತಿ’ ಎಂಬ ಒಂದೇ ಹೆಸರಿನಡಿ ಸೇರಿಸಿ, ಅವರಿಗೆ ಮಸಾಲೆಯ ಡಬ್ಬಿ ಮತ್ತು ಶುಭಾಶಯದ ಕಾರ್ಡು ಸಾಕು ಎಂದು ತೀರ್ಮಾನಿಸಲಾಯಿತು. ರಾಜಕುಮಾರಿಯ ಮುಖವಿದ್ದ ಹಿತ್ತಾಳೆ ಡಬ್ಬಿ ಅವರ ಪಾಲಿಗೆ ಬರಲಿಲ್ಲ. ಬಾಯಾರಿದವರಿಗೆ ಗುಂಡಿನ ನಡುವೆ ನೀರು ತಲುಪಿಸುತ್ತಿದ್ದವರು ಅವರು.

ಕಾಲದ ಅನ್ಯಾಯ ಇನ್ನೊಂದು. ಮುಂಚೂಣಿಯ ಸೈನಿಕರು ಮತ್ತು ನಾವಿಕರು ಮೊದಲ ದರ್ಜೆ. ಫ್ರಾನ್ಸಿನಲ್ಲಿದ್ದ ಮೂರೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಕ್ರಿಸ್‌ಮಸ್ ವೇಳೆಗೆ ಡಬ್ಬಿ ತಲುಪಿತು. ಬೇರೆಡೆ ಇದ್ದವರು ಎರಡನೆಯ, ಮೂರನೆಯ ದರ್ಜೆ. ಅವರ ಸರದಿ ಬರುವ ಹೊತ್ತಿಗೆ ಹಿತ್ತಾಳೆಗೇ ಬರ. ಡಬ್ಬಿಗೆಂದು ಅಮೆರಿಕದಿಂದ ತರಿಸುತ್ತಿದ್ದ ಹಿತ್ತಾಳೆ ತಗಡು 1915ರ ಮೇ ತಿಂಗಳಲ್ಲಿ ಲುಸಿಟಾನಿಯಾ ಹಡಗಿನೊಂದಿಗೆ ಸಮುದ್ರದ ಪಾಲಾಯಿತು. ಒಟ್ಟು 25 ಲಕ್ಷಕ್ಕೂ ಹೆಚ್ಚು ಡಬ್ಬಿಗಳನ್ನು ಹಂಚಿದ ಈ ನಿಧಿಯ ಪಟ್ಟಿಯಲ್ಲಿ, ಯುದ್ಧವೇ ಮುಗಿದಿದ್ದ 1919ರ ಜನವರಿಯಲ್ಲೂ ಡಬ್ಬಿ ಸಿಗದವರು ಬಹಳಷ್ಟಿದ್ದರು.

ಎಲ್ಲರಿಗೂ ಒಂದೇ ಪೆಟ್ಟಿಗೆ, ಒಂದೇ ದಿನ ಸಿಕ್ಕರೆ ಏನಾಗುತ್ತದೆ? ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್ ಸೇನೆಯ ಆರ್. ಎ. ರಾಡ್‌ಫರ್ಡ್ ಅದನ್ನು ಕಣ್ಣಾರೆ ಕಂಡರು. ಯುದ್ಧಕೈದಿಗಳ ಶಿಬಿರದ ಆರ್ಥಿಕ ವ್ಯವಸ್ಥೆಯ ಬಗ್ಗೆ ‘ಎಕನಾಮಿಕಾ’ ನಿಯತಕಾಲಿಕದಲ್ಲಿ 1945ರಲ್ಲಿ ಅವರು ಬರೆದ ಲೇಖನವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ರೆಡ್‌ಕ್ರಾಸ್ ಪಾರ್ಸೆಲ್ ಎಲ್ಲ ಕೈದಿಗಳಿಗೂ ಹೆಚ್ಚುಕಡಿಮೆ ಒಂದೇ: ಹಾಲಿನ ಡಬ್ಬಿ, ಜ್ಯಾಮ್, ಬೆಣ್ಣೆ, ಬಿಸ್ಕತ್ತು, ಮಾಂಸ, ಸಿಗರೇಟು. ಹಂಚಿ ಮುಗಿಯುವಷ್ಟರಲ್ಲಿ ಅದಲು ಬದಲು ಶುರು. ಸಿಗರೇಟೇ ನಾಣ್ಯವಾಯಿತು. ಶಿಬಿರದ ಭಾರತೀಯರ ಭಾಗದಲ್ಲಿದ್ದ ಸಿಖ್ಖರಿಗೆ ಆ ಮಾಂಸ ಬೇಡವಾಗಿತ್ತು. ಉರ್ದು ಬಲ್ಲ ಒಬ್ಬ ಅವರಿಂದ ಮಾಂಸ ಕೊಂಡು ಬೆಣ್ಣೆ, ಜ್ಯಾಮ್ ಕೊಟ್ಟು ಲಾಭ ಮಾಡಿಕೊಂಡ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಸ್ಥಿತಿಯನ್ನು ಕೈದಿಗಳೇ ಹಾಗೆ ಸರಿಪಡಿಸಿಕೊಂಡರು, ಆದರೆ ನಡುವೆ ನಿಂತವನಿಗೆ ಕಮಿಷನ್ ಕೊಟ್ಟು. ಕಳಿಸುವ ಮೊದಲೇ ಕೇಳಿದ್ದರೆ ಆ ಕಮಿಷನ್ನಿನ ಅಗತ್ಯ ಇರುತ್ತಿರಲಿಲ್ಲ.

ಕೇಳಿ ಕಳಿಸಿದರೆ ಏನಾದೀತು ಎಂಬುದಕ್ಕೂ ಉದಾಹರಣೆಯಿದೆ. 2006ರಲ್ಲಿ ಇರಾಕಿನ ರಮಾದಿಯಲ್ಲಿದ್ದ ಒಬ್ಬ ಸೈನಿಕ ನ್ಯೂಜೆರ್ಸಿಯಲ್ಲಿದ್ದ ತಾಯಿಯನ್ನು ಕೇಳಿದ್ದು ‘ಸಿಲ್ಲಿ ಸ್ಟ್ರಿಂಗ್’ ಡಬ್ಬಿ. ಹುಟ್ಟುಹಬ್ಬದ ದಿನ ಮಕ್ಕಳು ಒಬ್ಬರ ಮೇಲೊಬ್ಬರು ಚಿಮ್ಮಿಸುವ ಬಣ್ಣದ ನೊರೆದಾರ ಅದು. ಮನೆಯೊಂದಕ್ಕೆ ನುಗ್ಗುವ ಮುನ್ನ ಸೈನಿಕರು ಅದನ್ನು ಒಳಗೆ ಚಿಮ್ಮಿಸುತ್ತಿದ್ದರು. ನೊರೆದಾರ ನೆಲಕ್ಕೆ ಬಿದ್ದರೆ ದಾರಿ ಸಲೀಸು. ಗಾಳಿಯಲ್ಲೇ ತೂಗುಬಿದ್ದರೆ ಅಲ್ಲಿ ಕಣ್ಣಿಗೆ ಕಾಣದ ತಂತಿಯಿದೆ, ತಂತಿಯ ತುದಿಗೆ ಬಾಂಬಿದೆ. ತಾಯಿ ತನ್ನ ಮಗನಿಗೆ ನಾಲ್ಕು ಡಬ್ಬಿ ಕಳಿಸಿ ಸುಮ್ಮನಾಗಬಹುದಿತ್ತು. ಆಕೆ ಊರೂರಲ್ಲಿ ಕೇಳಿ ಸುಮಾರು 80,000 ಡಬ್ಬಿ ಕೂಡಿಸಿದರು. ಒತ್ತಡದ ಅನಿಲ ತುಂಬಿದ ಡಬ್ಬಿಗಳನ್ನು ಅಂಚೆಯಲ್ಲಿ ಕಳಿಸುವಂತಿರಲಿಲ್ಲವಾದ್ದರಿಂದ ಅವು ತಿಂಗಳುಗಟ್ಟಲೆ ಬಿದ್ದುಕೊಂಡಿದ್ದವು. ಕೊನೆಗೆ ಸಾಗಿಸುವ ಪರವಾನಗಿ ಇದ್ದವರು ಸಿಕ್ಕ ಮೇಲೆ ಇರಾಕಿಗೆ ಹೋದವು. ಮಗನೊಬ್ಬನಿಗೆ ಬೇಕಾದದ್ದು ಎಲ್ಲರ ಮಕ್ಕಳಿಗೂ ಬೇಕಾಗಿರುತ್ತದೆ ಎಂದು ಆಕೆಗೆ ಹೊಳೆದದ್ದೇ ದೊಡ್ಡ ಮಾತು.

ಸೈನಿಕ ಎಲ್ಲಿದ್ದಾನೆ ಎಂಬುದೂ ಅಷ್ಟೇ ಮುಖ್ಯ. ಅಫ್ಘಾನಿಸ್ತಾನದ ಬಾಗ್ರಾಮ್, ಕಂದಹಾರದಂಥ ದೊಡ್ಡ ನೆಲೆಗಳಲ್ಲಿ ಒಂದು ಕಾಲಕ್ಕೆ ಬರ್ಗರ್, ಪಿಜ್ಜಾ ಅಂಗಡಿಗಳೇ ಇದ್ದವು. 2010ರಲ್ಲಿ ಜನರಲ್ ಸ್ಟ್ಯಾನ್ಲಿ ಮೆಕ್‌ಕ್ರಿಸ್ಟಲ್ ಅವುಗಳನ್ನು ಮುಚ್ಚಿಸಲು ಹೊರಟದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಅದೇ ದೇಶದ ಕೊರೆಂಗಲ್ ಕಣಿವೆಯ ಗುಡ್ಡದ ಮೇಲಿನ ಠಾಣೆಗಳಲ್ಲಿದ್ದವರಿಗೆ ಹರಿದ ಕಾಲುಚೀಲಕ್ಕೆ ಬದಲಿ ಬೇಕಾದರೂ ಹೆಲಿಕಾಪ್ಟರ್ ಬರಬೇಕಿತ್ತು. ಎರಡೂ ಕಡೆಗೆ ಒಂದೇ ಸಂಖ್ಯೆಯ ಪೆಟ್ಟಿಗೆ ಕಳಿಸಿದರೆ ಲೆಕ್ಕದ ಪುಸ್ತಕದಲ್ಲಷ್ಟೇ ಸಮಾನತೆ. ಅಮೆರಿಕದ ಇರಾಕ್, ಅಫ್ಘಾನಿಸ್ತಾನ ಯುದ್ಧಗಳಿಗೆ ಲಕ್ಷಾಂತರ ಮಹಿಳೆಯರೂ ಹೋಗಿದ್ದರು. ಶೇವಿಂಗ್ ಕ್ರೀಮನ್ನೇ ತುಂಬಿದ ಪೆಟ್ಟಿಗೆ ಅವರ ಕೈಗೆ ಬಂದರೆ ಅದು ಉಡುಗೊರೆಯೇ ಅಲ್ಲ.

ಈ ಮಾತು ಭಾರತಕ್ಕೂ ತಾಗುತ್ತದೆ. ಮಗ ಸೇನೆಯಲ್ಲಿರುವ ಕೊಡಗು, ಬೆಳಗಾವಿ, ಧಾರವಾಡದ ಮನೆಗಳಿಗೆ ‘ಕೇರಾಫ್ 56 ಎಪಿಒ’, ‘ಕೇರಾಫ್ 99 ಎಪಿಒ’ ಎಂಬ ಸೇನಾ ಅಂಚೆ ವಿಳಾಸಗಳು ಬಾಯಿಪಾಠ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೋಡುಬಳೆ ಕಟ್ಟಿ ಕಳಿಸುವ ತಾಯಿಗೆ ಹಂಚಿಕೆಯ ಪಾಠ ಯಾರೂ ಹೇಳಬೇಕಿಲ್ಲ. ಮಗನ ಜೊತೆಯವರೂ ತಿನ್ನಲಿ ಎಂದು ಆಕೆ ಎರಡು ಹಿಡಿ ಹೆಚ್ಚೇ ಹಾಕುತ್ತಾಳೆ. ಯೋಚಿಸಬೇಕಾದವರು ದೀಪಾವಳಿ, ರಕ್ಷಾಬಂಧನ ಹತ್ತಿರವಾದಾಗ ಸೈನಿಕರಿಗೆಂದು ಸಾಮಾನು, ರಾಖಿ ಕೂಡಿಸುವ ಶಾಲೆ, ಸಂಘ, ಅಪಾರ್ಟ್‌ಮೆಂಟಿನವರು. ಟಿವಿ ಕ್ಯಾಮೆರಾ ಇರುವ ಅಟ್ಟಾರಿ ಗಡಿಯಲ್ಲಿ ಸಿಹಿ ಹಂಚುವುದು ಸುಲಭ. ಬಸ್ತರದ ಕಾಡಿನೊಳಗಿನ ಸಿಆರ್‌ಪಿಎಫ್ ಶಿಬಿರ, ಅರುಣಾಚಲದ ಐಟಿಬಿಪಿ ಠಾಣೆ ಯಾರ ನೆನಪಿಗೂ ಬೇಗ ಬರುವುದಿಲ್ಲ. ಸಿಯಾಚಿನ್‌ನ ಎತ್ತರದ ಠಾಣೆಗಳಿಗೆ ಚೀತಾ ಹೆಲಿಕಾಪ್ಟರ್ ಹೊರಬಲ್ಲದ್ದು ಕೆಲವೇ ಕಿಲೋ. ಅಲ್ಲಿಗೆ ಕೇಳದೆ ಕಳಿಸಿದ ಮಿಠಾಯಿ ಪೆಟ್ಟಿಗೆ ಸೀಮೆಎಣ್ಣೆಯ ಜಾಗವನ್ನೋ ಔಷಧಿಯ ಜಾಗವನ್ನೋ ಕಸಿಯುತ್ತದೆ.

ಸರ್ಕಾರವೇ ಹಾಕಿಕೊಟ್ಟ ಒಂದು ಒಳ್ಳೆಯ ಮೇಲ್ಪಂಕ್ತಿ ಇಲ್ಲಿದೆ. 2017ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ‘ಭಾರತ್ ಕೆ ವೀರ್’ ವ್ಯವಸ್ಥೆ ಆರಂಭಿಸಿತು. ಹುತಾತ್ಮರಾದ ಅರೆಸೇನಾ ಯೋಧರ ಕುಟುಂಬಕ್ಕೆ ಜನ ನೇರವಾಗಿ ಹಣ ಕೊಡಬಹುದು. ಒಂದು ಕುಟುಂಬಕ್ಕೆ ಸೇರುವ ಮೊತ್ತಕ್ಕೆ 15 ಲಕ್ಷ ರೂಪಾಯಿಯ ಮಿತಿಯಿಟ್ಟರು. ಅದು ತುಂಬಿದ ಮೇಲೆ ಬರುವ ನೆರವು ಬೇರೆ ಕುಟುಂಬಕ್ಕೋ ಸಾಮಾನ್ಯ ನಿಧಿಗೋ ತಿರುಗಬೇಕು. ಸುದ್ದಿಯಲ್ಲಿ ಮಿಂಚಿದ ಹೆಸರಿಗೇ ಎಲ್ಲ ಹರಿದು, ಸುದ್ದಿಯಾಗದೆ ಸತ್ತವರ ಮಕ್ಕಳು ಉಳಿದುಬಿಡಬಾರದು ಎಂಬ ಕಾಳಜಿ ಅದರಲ್ಲಿದೆ. ದುಡ್ಡಿಗೆ ಇರುವ ಈ ಎಚ್ಚರ ಪೆಟ್ಟಿಗೆಗೂ ಬರಲಿ.

ಹೆಸರಿಲ್ಲದೆ ಕೊಟ್ಟರೆ ಕೊಡುವವರ ಉತ್ಸಾಹ ಇಳಿಯುತ್ತದೆ, ತಮ್ಮೂರ ಹುಡುಗನಿಗೆ ಎಂದರೆ ಮಾತ್ರ ಜನ ಕೈಯೆತ್ತಿ ಕೊಡುತ್ತಾರೆ ಎಂಬ ವಾದವಿದೆ. ಅದು ಸುಳ್ಳಲ್ಲ. ಭದ್ರತೆಯ ಪ್ರಶ್ನೆಯೂ ಇದೆ. 2001ರಲ್ಲಿ ಅಂಚೆಯ ಮೂಲಕ ಆಂಥ್ರಾಕ್ಸ್ ದಾಳಿ ನಡೆದಾಗ ಅಮೆರಿಕದ ರಕ್ಷಣಾ ಇಲಾಖೆ ಹೆಸರು ಬರೆಯದೆ ಸೈನಿಕರಿಗೆ ಟಪಾಲು ಕಳಿಸುವುದನ್ನೇ ನಿಲ್ಲಿಸಿತು. ಎರಡಕ್ಕೂ ಕಿರ್ಕುಕ್‌ನ ಸಾರ್ಜೆಂಟ್ ಉತ್ತರ ಕೊಟ್ಟಾಗಿದೆ. ಊರಿನವರಿಗೆ ಗುರುತಿದ್ದವನ ವಿಳಾಸ, ಅವನ ಕೈಯಿಂದ ಗುರುತಿಲ್ಲದವರಿಗೆ ಹಂಚಿಕೆ. ಪ್ರತಿ ಊರಿನಲ್ಲೂ ರಜೆಗೆ ಬರುವ ಒಬ್ಬ ಸುಬೇದಾರ್ ಇರುತ್ತಾರೆ, ನಿವೃತ್ತ ಹವಾಲ್ದಾರ್ ಇರುತ್ತಾರೆ. ಸಾಮಾನು ಕೊಳ್ಳುವ ಮೊದಲು ಅವರನ್ನು ಕೇಳಬೇಕು: ಯಾವ ತುಕಡಿಗೆ ಈ ವರ್ಷ ಯಾರೂ ಕಳಿಸಿಲ್ಲ, ಎಷ್ಟು ಜನ, ಅಡುಗೆಯವರು, ಚಾಲಕರು, ಹೊರೆಯಾಳುಗಳು ಸೇರಿ ಎಷ್ಟು, ಏನು ಬೇಕು, ಏನು ಬೇಡ? ಹಬ್ಬದ ಪೆಟ್ಟಿಗೆಗಳಲ್ಲಿ ಅರ್ಧದಷ್ಟನ್ನಾದರೂ ಹಬ್ಬ ಕಳೆದ ಮೇಲೆ, ಚಳಿ ಬಿಗಿದಿರುವ ಜನವರಿ–ಫೆಬ್ರುವರಿಗೆ ತೆಗೆದಿಡಬೇಕು.

1914ರಲ್ಲಿ ಸೇದದವರ ಪಾಲಿಗೆ ಬಂದ ಪೆನ್ಸಿಲು, ಕಾಗದ, ಲಕೋಟೆಯನ್ನು ಈಗಿನ ಪೆಟ್ಟಿಗೆಯಲ್ಲೂ ಇಡಬಹುದು. ಕಳಿಸಿದ ಶಾಲೆಯ ವಿಳಾಸ ಬರೆದ ಒಂದು ಇನ್‌ಲ್ಯಾಂಡ್ ಲೆಟರ್ ಸಾಕು. ಮಕ್ಕಳಿಗೆ ಒಂದು ಸಾಲು ಬರೆಯಲು, ಮುಂದಿನ ಸಲ ಏನು ಬೇಕು ಎಂದು ತಿಳಿಸಲು, ಪಕ್ಕದ ಠಾಣೆಯವರಿಗೆ ಈ ಸಲವೂ ಏನೂ ಬರಲಿಲ್ಲ ಎಂದು ಹೇಳಲು ಅದರಲ್ಲಿ ಬೇಕಾದಷ್ಟು ಜಾಗವಿದೆ.