ನಾಲ್ಕು ಮೀಟರ್ ಗೆರೆಯ ಅರ್ಥಶಾಸ್ತ್ರ

ಮೈಸೂರಿನ ರಾಮಕೃಷ್ಣನಗರದ ನಮ್ಮ ಅಡ್ಡರಸ್ತೆಯಲ್ಲಿ ಹಳೆಯ ಕಾಂಟೆಸ್ಸಾ ಕಾರೊಂದು ಹೊದಿಕೆಯೊಳಗೆ ನಿಂತಿದೆ. ಅದರ ಹಿಂದೆ ಮುಂದೆ ಹೊಸ ಕಾಂಪ್ಯಾಕ್ಟ್ ಎಸ್‌ಯುವಿಗಳ ಸಾಲು. ವಾಯುವಿಹಾರದ ಗೆಳೆಯರು ಅದನ್ನು ಕಂಡಾಗಲೆಲ್ಲ ‘ಆ ಗಟ್ಟಿತನ ಈಗೆಲ್ಲಿ?’ ಎನ್ನುತ್ತಾರೆ. ಪ್ರಶ್ನೆ ನೆನಪಿನದಾದರೂ ಉತ್ತರ ಸರ್ಕಾರದ ಕಡತಗಳಲ್ಲಿದೆ.

ಅಭಿಮಾನಿಗಳು ‘ಭಾರತದ ಮಸಲ್ ಕಾರ್’ ಎಂದು ಕರೆಯುವ ಕಾಂಟೆಸ್ಸಾ, ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿ 1970ರ ದಶಕದಲ್ಲಿ ತಯಾರಿಸಿ ಕೈಬಿಟ್ಟಿದ್ದ ಮಾದರಿ. ಹಿಂದುಸ್ಥಾನ್ ಮೋಟಾರ್ಸ್ ಅದನ್ನು 1984ರಿಂದ 2002ರವರೆಗೆ ಇಲ್ಲಿ ತಯಾರಿಸಿತು. ಉದ್ದ ಸುಮಾರು 4.6 ಮೀಟರ್, ಆದರೆ ಆರಂಭದಲ್ಲಿ ಅದಕ್ಕೆ ದೊರೆತದ್ದು ಸುಮಾರು 50 ಅಶ್ವಶಕ್ತಿಯ 1.5 ಲೀಟರ್ ಎಂಜಿನ್. ಅಮೆರಿಕದ ನಿಜವಾದ ಮಸಲ್ ಕಾರು, 1964ರ ಪಾಂಟಿಯಾಕ್ ಜಿಟಿಒ, 300ಕ್ಕೂ ಹೆಚ್ಚು ಅಶ್ವಶಕ್ತಿ ಹೊಂದಿತ್ತು. ಇಸುಝು ಕಂಪನಿಯ 1.8 ಲೀಟರ್ ಎಂಜಿನ್ ಬಂದ ಬಳಿಕವಷ್ಟೇ ಕಾಂಟೆಸ್ಸಾ ತಕ್ಕಮಟ್ಟಿಗೆ ಚೇತರಿಸಿಕೊಂಡಿತು. ಲೈಸೆನ್ಸ್ ವ್ಯವಸ್ಥೆಯಲ್ಲಿ ಸ್ಪರ್ಧೆ ಇಲ್ಲದಿದ್ದುದರಿಂದ ಹಳೆಯ ಅಚ್ಚುಗಳೇ ಹೊಸ ವೈಭವವಾಗಿ ಮಾರಾಟವಾದವು.

ಇಂದಿನ ಪುಟ್ಟ ವಾಹನ ಶಕ್ತಿಯಲ್ಲೂ ಸುರಕ್ಷತೆಯಲ್ಲೂ ಮುಂದಿದೆ. 1.2 ಲೀಟರ್ ಟರ್ಬೊ ಎಂಜಿನ್‌ನ ನೆಕ್ಸಾನ್ 100ಕ್ಕೂ ಹೆಚ್ಚು ಅಶ್ವಶಕ್ತಿ ನೀಡುತ್ತದೆ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ತಾರೆ ಗಳಿಸಿದ ಮೊದಲ ಭಾರತೀಯ ಕಾರು ಅದೇ. ಜೀವ ಉಳಿಸುವುದು ತಗಡಿನ ದಪ್ಪವಲ್ಲ. ಅಪಘಾತದ ಹೊಡೆತವನ್ನು ಹೀರಿಕೊಳ್ಳುವ ಚೌಕಟ್ಟು ಮತ್ತು ಏರ್‌ಬ್ಯಾಗ್‌ಗಳು.

ಆದರೆ ಈ ಹೊಸ ವಾಹನದ ಆಕಾರವೂ ಕೇವಲ ಗ್ರಾಹಕರ ಅಭಿರುಚಿಯಿಂದ ಹುಟ್ಟಿದ್ದಲ್ಲ. 2006–07ರ ಕೇಂದ್ರ ಬಜೆಟ್ ನಾಲ್ಕು ಮೀಟರ್ ಮೀರದ, ಚಿಕ್ಕ ಎಂಜಿನ್‌ನ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿತು. 2013ರಲ್ಲಿ ಇಲ್ಲಿ ಬಿಡುಗಡೆಯಾದ ಫೋರ್ಡ್ ಇಕೋಸ್ಪೋರ್ಟ್‌ನ ಉದ್ದ 3,999 ಮಿಲಿಮೀಟರ್. 2016ರ ವಿಟಾರಾ ಬ್ರೆಝಾದ್ದು 3,995. ಗೆರೆ ಎಳೆದವರು ದೆಹಲಿಯ ಅಧಿಕಾರಿಗಳು. ಗೆರೆಗೆ ತಕ್ಕಂತೆ ಬಾಲ ಕತ್ತರಿಸಿದವರು ಎಂಜಿನಿಯರುಗಳು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲೂ ಇದೇ ಗೆರೆ ಉಳಿದಿದೆ: ಒಳಗಿದ್ದರೆ ಶೇ 18, ಹೊರಗಿದ್ದರೆ ಶೇ 40. ಹೀಗೆ ಜಾಹೀರಾತಿನಲ್ಲಿ ಎಸ್‌ಯುವಿ ಎನಿಸಿಕೊಂಡದ್ದು ತೆರಿಗೆಯ ಲೆಕ್ಕದಲ್ಲಿ ಸಣ್ಣ ಕಾರು!

ತಯಾರಕರನ್ನು ದೂಷಿಸಿ ಫಲವಿಲ್ಲ. ಸರ್ಕಾರ ಏನನ್ನು ಅಳೆಯುತ್ತದೆಯೋ ಮಾರುಕಟ್ಟೆ ಅದನ್ನಷ್ಟೇ ಪಾಲಿಸುತ್ತದೆ. ನಮ್ಮ ನಿಯಮ ಉದ್ದವನ್ನೂ ಎಂಜಿನ್ನನ್ನೂ ಅಳೆಯಿತು. ಅಗಲ, ತೂಕ, ಮುಂಭಾಗದ ಎತ್ತರಗಳನ್ನು ಕೈಬಿಟ್ಟಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ 2023ರ ಅಧ್ಯಯನದ ಪ್ರಕಾರ, ಮುಂಭಾಗ ಸುಮಾರು ಒಂದು ಮೀಟರ್‌ಗಿಂತ ಎತ್ತರವಿರುವ ವಾಹನ ಡಿಕ್ಕಿ ಹೊಡೆದರೆ ಪಾದಚಾರಿ ಸಾಯುವ ಸಾಧ್ಯತೆ, ತಗ್ಗಾದ ಇಳಿಜಾರು ಮುಂಭಾಗದ ಕಾರಿಗಿಂತ ಸುಮಾರು ಶೇ 45ರಷ್ಟು ಹೆಚ್ಚು. ಒಳಗೆ ಕುಳಿತವರ ಐದು ತಾರೆ ಹೊರಗೆ ನಡೆಯುವವರಿಗೆ ರಕ್ಷಣೆಯಲ್ಲ. ನಮ್ಮ ಅಡ್ಡರಸ್ತೆಯಲ್ಲಿ ಎರಡೂ ಬದಿ ವಾಹನ ನಿಂತಾಗ ಶಾಲೆಯ ಮಕ್ಕಳೂ ನನ್ನಂಥ ಹಿರಿಯರೂ ನಡುರಸ್ತೆಗೇ ಇಳಿಯಬೇಕು.

ಜಪಾನಿನ ಕೇ ಕಾರುಗಳ ನಿಯಮ ಉದ್ದದ ಜೊತೆಗೆ ಅಗಲಕ್ಕೂ ಎತ್ತರಕ್ಕೂ ಮಿತಿ ಹಾಕಿದೆ. ಅಲ್ಲಿನ ನಗರಗಳಲ್ಲಿ ಸಾಮಾನ್ಯ ಕಾರು ನೋಂದಾಯಿಸಲು ನಿಲುಗಡೆ ಜಾಗದ ಪ್ರಮಾಣಪತ್ರ ಬೇಕು. ಫ್ರಾನ್ಸ್ 2022ರಿಂದ ಭಾರದ ಕಾರುಗಳ ಮೇಲೆ ತೂಕಾಧಾರಿತ ತೆರಿಗೆ ವಿಧಿಸುತ್ತಿದೆ. ಜಿಎಸ್‌ಟಿ ಕೇಂದ್ರ ಮತ್ತು ರಾಜ್ಯಗಳು ಕೂಡಿ ನಿರ್ಧರಿಸುವ ವಿಷಯವಾದರೂ ವಾಹನ ತೆರಿಗೆ ರಾಜ್ಯಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ ಕಾರುಗಳ ಜೀವಾವಧಿ ತೆರಿಗೆ ಮುಖ್ಯವಾಗಿ ಬೆಲೆಯನ್ನು ನೋಡುತ್ತದೆ. ಅದರೊಳಗೆ ತೂಕಕ್ಕೂ ಮುಂಭಾಗದ ಎತ್ತರಕ್ಕೂ ಸ್ಥಾನ ಕೊಡಲು ಬೆಂಗಳೂರು ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ.

ಕಾಂಟೆಸ್ಸಾ ಒಂದು ಕಾಲದ ನೀತಿಯ ಶಿಶು. ಕಾಂಪ್ಯಾಕ್ಟ್ ಎಸ್‌ಯುವಿ ಮತ್ತೊಂದರದು. ಮುಂದಿನ ಗೆರೆಯನ್ನಾದರೂ ನಡೆಯುವವರನ್ನು ನೆನೆದು ಎಳೆಯಬೇಕು.